ಮನೆಯ ಖಾಲಿ ರೂಮಲ್ಲಿ ಸರ್ವರ್ ಇಟ್ಟು ವೆಬ್ ಹೋಸ್ಟಿಂಗ್ ಶುರು ಮಾಡ್ಬಹುದಾ?

ವಿಜಯನಗರದಲ್ಲಿ ಮನೆ ಮೇಲೊಂದು ರೂಮ್ ಖಾಲಿ ಇದೆ, ಕೈಯಲ್ಲಿ ಮೂರೂವರೆ ಲಕ್ಷ ಇದೆ, ಎರಡು ಸರ್ವರ್ ತಗೊಂಡು ಒಳ್ಳೆ ಬ್ರಾಡ್‌ಬ್ಯಾಂಡ್ ಹಾಕಿಸಿ ಚಿಕ್ಕದಾಗಿ ಹೋಸ್ಟಿಂಗ್ (ಬೇರೆಯವರ ವೆಬ್‌ಸೈಟು, ಇಮೇಲು ನಮ್ಮ ಸರ್ವರಲ್ಲಿ ಇಟ್ಟು ನಡೆಸೋದು) ಶುರು ಮಾಡ್ಲಾ ಅಂತ ಕೇಳಿದೀರ. ಮಾಡಿ, ಖಂಡಿತ ಮಾಡಿ. ಆದ್ರೆ ಸರ್ವರ್‌ನ ಆ ರೂಮಲ್ಲಿ ಇಡ್ಬೇಡಿ. ನಾನು 2014ರಿಂದ ಇದೇ ಕೆಲಸದಲ್ಲಿದೀನಿ, ಈಗ ಇನ್ನೂರ ಚಿಲ್ಲರೆ ಗಿರಾಕಿಗಳಿದಾರೆ, ಜಾಸ್ತಿ ಚಿಕ್ಕಪೇಟೆ ಅವೆನ್ಯೂ ರೋಡ್ ಕಡೆ ಅಂಗಡಿಗಳು, ಒಂದಷ್ಟು ಸ್ಕೂಲುಗಳು, ಆಡಿಟರ್‌ಗಳು, ಇಬ್ಬರು ಪುಸ್ತಕ ಪ್ರಕಾಶಕರು. ನಾನೂ ಶುರು ಮಾಡಿದ್ದು ನೀವು ಹೇಳೋ ಥರಾನೇ, ರಾಜಾಜಿನಗರದ ನಮ್ಮನೆ ಮೆಟ್ಟಿಲ ಕೆಳಗಿನ ಜಾಗದಲ್ಲಿ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳ್ತಿರೋದು.

ಮೊದಲು ಕರೆಂಟ್ ವಿಷಯ. ಗಿರಾಕಿಗೆ ನೀವು 99.9 ಪರ್ಸೆಂಟ್ ಅಪ್‌ಟೈಮ್ ಅಂತ ಹೇಳಿದ್ರಿ ಅಂದ್ಕೊಳ್ಳಿ, ತಿಂಗಳಿಗೆ 43 ನಿಮಿಷ ಮಾತ್ರ ಸೈಟ್ ಬಿದ್ದಿರಬಹುದು ಅಂತ ಅದರರ್ಥ. ಏಪ್ರಿಲ್ ಮೇ ತಿಂಗಳಲ್ಲಿ ಸಂಜೆ ಗಾಳಿ ಮಳೆ ಬಂದು ರಸ್ತೇಲಿ ಒಂದು ಮರದ ಕೊಂಬೆ ವೈರ್ ಮೇಲೆ ಬಿದ್ರೆ ಸಾಕು, ಆ ತಿಂಗಳ ಲೆಕ್ಕ ಅವತ್ತೇ ಮುಗೀತು. ಯುಪಿಎಸ್ ಇದೆಯಲ್ಲ ಅಂತೀರ, ನಾನೂ ಅಂದಿದ್ದೆ, ಕಂಪ್ಯೂಟರ್‌ಗೆ ಹಾಕೋ ಯುಪಿಎಸ್ಸು ಸರಿಯಾಗಿ ಶಟ್‌ಡೌನ್ ಮಾಡೋಕೆ ಟೈಮ್ ಕೊಡುತ್ತೆ ಅಷ್ಟೇ, ಮೂರು ಗಂಟೆ ಎಳೆಯೋಕೆ ಅಲ್ಲ. ಇನ್ನು ಬಿಲ್ಲು, ಒಂದು ಸರ್ವರ್ 250 ವ್ಯಾಟ್ ಎಳೆದ್ರೆ ದಿನಕ್ಕೆ 6 ಯೂನಿಟ್, ತಿಂಗಳಿಗೆ 180, ಎರಡಕ್ಕೆ 360, ಅದರ ಬಿಸಿ ತೆಗೆಯೋಕೆ ಎಸಿ ಬೇರೆ, ಅದೂ ಇಪ್ಪತ್ನಾಲ್ಕು ಗಂಟೆ. ಸದ್ದಿನ ಬಗ್ಗೆ ಯಾರೂ ಹೇಳಲ್ಲ, ತೆಳ್ಳಗಿನ 1ಯು ಸರ್ವರ್‌ನ ಫ್ಯಾನ್‌ಗಳು ಪುಟ್ಟವು, ಅಷ್ಟು ಗಾಳಿ ತಳ್ಳೋಕೆ ವಿಪರೀತ ವೇಗದಲ್ಲಿ ತಿರುಗ್ತವೆ. ನಮ್ಮಮ್ಮ ಎರಡು ತಿಂಗಳು ಸರಿಯಾಗಿ ನಿದ್ದೆ ಮಾಡ್ಲಿಲ್ಲ, ಆಮೇಲೆ ಚಿಕ್ಕಮ್ಮನ ಮನೇಲಿ ಮಲಗೋಕೆ ಹೋಗ್ತಿದ್ರು, ನನಗೆ ಆ ವಿಷಯಕ್ಕೆ ಇವತ್ತಿಗೂ ಬೇಜಾರಿದೆ.

ಎರಡನೇದು ಲೈನು. ಮನೆ ಬ್ರಾಡ್‌ಬ್ಯಾಂಡಲ್ಲಿ ಎಷ್ಟೋ ಸಲ ನಿಮಗೇ ಅಂತ ಪಬ್ಲಿಕ್ ಐಪಿ (ಇಂಟರ್‌ನೆಟ್ಟಲ್ಲಿ ನಿಮ್ಮ ಕನೆಕ್ಷನ್ನಿನ ವಿಳಾಸ) ಇರೋದೇ ಇಲ್ಲ, ನೂರಾರು ಮನೆಗೆ ಸೇರಿ ಒಂದು ಇರುತ್ತೆ. ದುಡ್ಡು ಕೊಟ್ಟು ಬದಲಾಗದ ಸ್ಟ್ಯಾಟಿಕ್ ಐಪಿ ತಗೊಂಡ್ರೂ ಮೇಲ್ ವಿಷಯದಲ್ಲಿ ಸಿಕ್ಕಿಹಾಕೊಳ್ತೀರ. ಅಂಗಡಿಯವರಿಗೆ ವೆಬ್‌ಸೈಟ್ ಒಂದು ಗಂಟೆ ಬಿದ್ದಿದ್ರೂ ಗೊತ್ತಾಗಲ್ಲ, ಕಳಿಸಿದ ಕೊಟೇಶನ್ ಸ್ಪ್ಯಾಮ್‌ಗೆ ಹೋಯ್ತು ಅಂದ್ರೆ ಐದು ನಿಮಿಷದಲ್ಲಿ ಫೋನ್ ಬರುತ್ತೆ. ಮನೆ ಕನೆಕ್ಷನ್‌ಗಳ ಐಪಿ ರೇಂಜ್‌ಗಳು ಎಷ್ಟೋ ಬ್ಲಾಕ್‌ಲಿಸ್ಟ್‌ಗಳಲ್ಲಿ ಮೊದಲೇ ಕೂತಿರ್ತವೆ, ರಿವರ್ಸ್ ಡಿಎನ್‌ಎಸ್ (ಐಪಿ ಯಾರದ್ದು ಅಂತ ಹೆಸರು ತೋರಿಸೋ ದಾಖಲೆ) ನಿಮ್ಮ ಹೆಸರಿಗೆ ಹಾಕಿಕೊಡೋದು ಕಷ್ಟ, ಮೇಲ್ ಹೊರಗೆ ಹೋಗೋ ದಾರಿಯಾದ ಪೋರ್ಟ್ 25 ಕೂಡ ಬಂದ್ ಇರಬಹುದು. 2024ರ ಫೆಬ್ರವರಿಯಿಂದ ಜಿಮೇಲು ಯಾಹೂ ಎರಡೂ ಇನ್ನೂ ಬಿಗಿ ಮಾಡಿವೆ, ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜವಾಗಿ ಆ ಡೊಮೇನಿಂದಲೇ ಬಂದದ್ದು ಅಂತ ತೋರಿಸೋ ದಾಖಲೆಗಳು) ಮೂರನ್ನೂ ಪ್ರತಿ ಡೊಮೇನ್‌ಗೂ ಮೊದಲ ದಿನವೇ ಹಾಕೋದು ಅಭ್ಯಾಸ ಮಾಡ್ಕೊಳ್ಳಿ.

ಹಾಗಾದ್ರೆ ಎಲ್ಲಿಡೋದು? ಕೋಲೊಕೇಶನ್. ಸರ್ವರ್ ನಿಮ್ದೇ, ಜಾಗ ಕರೆಂಟು ತಂಪು ಲೈನು ಡೇಟಾ ಸೆಂಟರ್‌ದು. ವೈಟ್‌ಫೀಲ್ಡ್ ಕಡೆ, ಎಲೆಕ್ಟ್ರಾನಿಕ್ ಸಿಟಿ ಕಡೆ ಡೇಟಾ ಸೆಂಟರ್‌ಗಳಿವೆ. ಸಾಮಾನ್ಯವಾಗಿ 42 ಯು ಎತ್ತರದ ರ‍್ಯಾಕ್ ಇರುತ್ತೆ, ಅದರಲ್ಲಿ ನಿಮಗೆ ಬೇಕಾದ ಎರಡೋ ಮೂರೋ ಯು ಬಾಡಿಗೆಗೆ ತಗೊಳ್ಳೋದು, ಒಂದು ಯು ಅಂದ್ರೆ ಒಂದೂಮುಕ್ಕಾಲು ಇಂಚು. ಕೊಟೇಶನ್ ಮೂರು ಕಡೆ ತಗೊಳ್ಳಿ, ಬರೀ ಬಾಡಿಗೆ ನೋಡ್ಬೇಡಿ, ಕರೆಂಟು ಎಷ್ಟು ಆಂಪ್ ಸೇರಿದೆ, ಎ ಫೀಡ್ ಬಿ ಫೀಡ್ ಅಂತ ಎರಡು ಬೇರೆ ಬೇರೆ ಕರೆಂಟ್ ಲೈನ್ ಕೊಡ್ತಾರಾ, ರಾತ್ರಿ ಹನ್ನೊಂದಕ್ಕೆ ಅಲ್ಲಿನ ಹುಡುಗನಿಗೆ ಒಂದು ಕೇಬಲ್ ಕಿತ್ತು ಹಾಕಪ್ಪ ಅಂದ್ರೆ ಅದಕ್ಕೆಷ್ಟು ಚಾರ್ಜು, ಅಟ್ಯಾಕ್ ಬಂದಾಗ ನಿಮ್ಮ ಐಪಿನ ಎಷ್ಟು ಹೊತ್ತು ಆಫ್ ಮಾಡ್ತಾರೆ, ಇವನ್ನೆಲ್ಲ ಬರವಣಿಗೇಲಿ ಕೇಳಿ. ಐಪಿಗಳನ್ನೂ ಮೊದಲು ಅವರಿಂದಲೇ ತಗೊಳ್ಳಿ, ಸ್ವಂತ ಐಪಿಗಳ ಬ್ಲಾಕ್ ಬೇಕಂದ್ರೆ, ಭಾರತದಲ್ಲಿ ಐಪಿ ಹಂಚೋ ನಿಕ್ಸಿಯವರ ಐಆರ್‌ಐಎನ್‌ಎನ್ ಮೂಲಕ ಅರ್ಜಿ ಹಾಕ್ಬಹುದು, ಮೊದಲನೇ ವರ್ಷಕ್ಕೆ ಅದು ಬೇಕಿಲ್ಲ. ನಿಮಗೊಂದು ಅನುಕೂಲ ಇದೆ, 2023ರ ಅಕ್ಟೋಬರ್‌ನಿಂದ ನೇರಳೆ ಮೆಟ್ರೋ ವಿಜಯನಗರದಿಂದ ವೈಟ್‌ಫೀಲ್ಡ್‌ವರೆಗೂ ನೇರ ಹೋಗುತ್ತೆ. ಗಂಟೆ ಮೇಲೆ ಹಿಡಿಯುತ್ತೆ ನಿಜ, ಆದ್ರೆ ಬ್ಯಾಗಲ್ಲಿ ಡಿಸ್ಕ್ ಇಟ್ಕೊಂಡು ಟಿನ್ ಫ್ಯಾಕ್ಟರಿ ಸಿಗ್ನಲಲ್ಲಿ ಒದ್ದಾಡೋ ಕಷ್ಟ ಇಲ್ಲ, ನಾನು ಅದನ್ನ ವರ್ಷಗಟ್ಟಲೆ ಪಟ್ಟಿದೀನಿ.

ಮಷೀನ್ ಹೊಸದೇ ಬೇಕಂತಿಲ್ಲ. ಎಸ್‌ಪಿ ರೋಡಲ್ಲಿ ರಿಫರ್ಬಿಶ್ಡ್ ಸರ್ವರ್ ಸಿಗುತ್ತೆ, ಡೆಲ್ ಆರ್630 ಆ ಥರದ್ದು ನಿಮ್ಮ ಕೆಲಸಕ್ಕೆ ಧಾರಾಳ. ಎರಡೂ ಒಂದೇ ಮಾಡೆಲ್ ತಗೊಳ್ಳಿ, ಒಂದರದ್ದು ಕೆಟ್ರೆ ಇನ್ನೊಂದರ ಪಾರ್ಟ್ ಹಾಕಿ ಆ ರಾತ್ರಿ ದಾಟಬಹುದು. ಅಂಗಡೀಲೇ ಆನ್ ಮಾಡಿಸಿ, ಎರಡು ಪವರ್ ಸಪ್ಲೈನೂ ಒಂದೊಂದಾಗಿ ಕಿತ್ತು ನೋಡಿ, ರ‍್ಯಾಮ್ ಇಸಿಸಿನಾ (ತಪ್ಪನ್ನ ತಾನೇ ತಿದ್ದಿಕೊಳ್ಳೋ ಥರದ್ದಾ) ನೋಡಿ, ರೇಡ್ ಕಾರ್ಡ್ (ಹಲವು ಡಿಸ್ಕುಗಳನ್ನ ಸೇರಿಸಿ ಒಂದರಂತೆ ನಡೆಸೋದು) ಬ್ಯಾಟರಿ ಕೇಳಿ, ಮನೇಲಿ ಕೂತು ಸರ್ವರಿನ ಸ್ಕ್ರೀನ್ ನೋಡೋಕೆ ಐಡ್ರ್ಯಾಕ್ (ಡೆಲ್ ಸರ್ವರನ್ನ ದೂರದಿಂದ ನಿಭಾಯಿಸೋ ವ್ಯವಸ್ಥೆ) ಎಂಟರ್‌ಪ್ರೈಸ್ ಲೈಸೆನ್ಸ್ ಇದೆಯಾ ನೋಡಿ. ಡಿಸ್ಕ್ ಮಾತ್ರ ಹಳೇದು ತಗೋಬೇಡಿ. ಹೊಸದನ್ನೂ ಎಲ್ಲಾ ಒಂದೇ ಡಬ್ಬದಿಂದ ತಗೋಬೇಡಿ, ಎರಡು ಅಂಗಡಿಯಿಂದ ತಗೊಳ್ಳಿ.

ಈ ಮಾತು ಯಾಕೆ ಹೇಳ್ತಿದೀನಿ ಅಂದ್ರೆ, ಒಂದು ಆಯುಧ ಪೂಜೆ ದಿನ. ಬೆಳಗ್ಗೆ ಡೇಟಾ ಸೆಂಟರ್‌ಗೆ ಹೋಗಿ ರ‍್ಯಾಕ್‌ಗೆ ಕುಂಕುಮ ಇಟ್ಟು ಬರೋಣ ಅಂತ ಹೋಗಿದ್ದೆ (ಒಳಗೆ ಹೂವು ಕರ್ಪೂರ ಬಿಡಲ್ಲ, ಬೆರಳಲ್ಲಿ ಒಂದು ಚುಕ್ಕೆ ಕುಂಕುಮ ಇಟ್ರೆ ಏನೂ ಅನ್ನಲ್ಲ). ನಾಲ್ಕು ಡಿಸ್ಕಲ್ಲಿ ಮೂರರ ದೀಪ ಹಸಿರು, ಒಂದು ಕಿತ್ತಳೆ ಬಣ್ಣಕ್ಕೆ ಮಿಣುಕ್ತಾ ಇತ್ತು. ರೇಡ್ 5 ಅಲ್ವಾ, ಒಂದು ಹೋದ್ರೆ ಏನಾಗಲ್ಲ ಅಂತ ಹೊಸ ಡಿಸ್ಕ್ ಹಾಕಿ ರೀಬಿಲ್ಡ್‌ಗೆ (ಹೋದ ಡಿಸ್ಕಿನ ಡೇಟಾನ ಉಳಿದವುಗಳಿಂದ ಮತ್ತೆ ಕಟ್ಟೋಕೆ) ಬಿಟ್ಟು ಪಕ್ಕದಲ್ಲೇ ಕೂತೆ. ಮೂವತ್ತು ಪರ್ಸೆಂಟ್ ದಾಟಿರ್ಬೇಕು, ಎರಡನೇ ದೀಪ ಕಿತ್ತಳೆಗೆ ತಿರುಗ್ತು. ಒಂದೇ ಬ್ಯಾಚ್ ಡಿಸ್ಕ್‌ಗಳು, ಒಂದೇ ದಿನ ಹಾಕಿದ್ದು, ಒಂದೇ ಸಮ ಸವೆದಿದ್ವು, ರೀಬಿಲ್ಡ್ ಮಾಡುವಾಗ ಉಳಿದ ಎಲ್ಲಾ ಡಿಸ್ಕ್‌ನ ಮೊದಲಿಂದ ಕೊನೇವರೆಗೂ ಓದ್ಬೇಕು, ಆ ಹೊರೆ ತಡೀಲಿಲ್ಲ. ರೇಡ್ 5ರಲ್ಲಿ ಎರಡು ಡಿಸ್ಕ್ ಹೋದ್ರೆ ಎಲ್ಲಾ ಹೋದಂಗೆ. ಸರಿ ಬ್ಯಾಕಪ್ ಇದೆಯಲ್ಲ ಅಂತ ಇನ್ನೊಂದು ಮಷೀನ್ ನೋಡ್ತೀನಿ, ಫೈಲ್‌ಗಳು ಎಲ್ಲಾ ಇವೆ, ಡೇಟಾಬೇಸ್ ಬ್ಯಾಕಪ್ 11 ದಿನದಿಂದ ನಡೆದೇ ಇಲ್ಲ, ಜಾಗ ತುಂಬಿ ನಿಂತೋಗಿದೆ, ನಾನು ನೋಡಿಲ್ಲ.

ಆ ಸರ್ವರಲ್ಲಿದ್ದ ಗಿರಾಕಿಗಳಲ್ಲಿ ಒಬ್ಬರು ಚಿಕ್ಕಪೇಟೆಯ ಸೀರೆ ಅಂಗಡಿಯವರು. ದೀಪಾವಳಿ ಆರ್ಡರ್‌ಗಳು, 11 ದಿನದ್ದು ಸೈಟಿಂದ ಪೂರ್ತಿ ಹೋಯ್ತು. ಪ್ರತಿ ಆರ್ಡರ್‌ಗೂ ಅವರ ಮೇಲ್‌ಗೆ ಒಂದು ಕಾಪಿ ಹೋಗ್ತಿತ್ತು, ಅದನ್ನ ಅವರು ಅಂಗಡಿ ಕಂಪ್ಯೂಟರ್‌ಗೆ ಇಳಿಸ್ಕೊಂಡಿದ್ರು, ಅದೊಂದೇ ಉಳಿಸಿದ್ದು. ಮೂರು ದಿನ ನಾನು ಅವರ ಅಂಗಡಿ ಮಹಡಿ ಮೇಲೆ ಚಾಪೆ ಮೇಲೆ ಕೂತು, ಲೆಕ್ಕ ಬರೆಯೋ ಯಜಮಾನರು ಒಂದೊಂದೇ ಮೇಲ್ ಓದ್ತಾ ಹೋದ್ರು, ಹೆಸರು, ಊರು, ಸೀರೆ ನಂಬರು, ನಾನು ಟೈಪ್ ಮಾಡ್ತಾ ಹೋದೆ, 160 ಚಿಲ್ಲರೆ ಆರ್ಡರು. ಬೈಲಿಲ್ಲ ಅವರು. ಮಧ್ಯಾಹ್ನ ಊಟ ತರಿಸಿಕೊಟ್ರು. ಇವತ್ತಿಗೂ ನನ್ನ ಗಿರಾಕಿಗಳೇ.

ಅವತ್ತಿಂದ ರೇಡ್ 10 (ಪ್ರತಿ ಡಿಸ್ಕಿಗೂ ಒಂದು ಜೋಡಿ ನಕಲು ಇರೋ ಜೋಡಣೆ), ಮತ್ತೆ ಬ್ಯಾಕಪ್ ಮೂರು ಕಡೆ, ಅದರಲ್ಲಿ ಒಂದು ಬೇರೆ ಊರಲ್ಲಿ. ಬೇರೆ ಊರು ಯಾಕೆ ಅಂತೀರ, 2021ರ ಮಾರ್ಚ್ 10ಕ್ಕೆ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗಲ್ಲಿ ಓವಿಎಚ್ ಕಂಪನಿ ಡೇಟಾ ಸೆಂಟರ್‌ಗೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಸುಟ್ಟೋಯ್ತು, ಬ್ಯಾಕಪ್ಪೂ ಅಲ್ಲೇ ಇಟ್ಟಿದ್ದವರಿಗೆ ಏನೂ ಉಳೀಲಿಲ್ಲ. ಅಷ್ಟು ದೊಡ್ಡ ಕಂಪನೀಲೇ ಆಗಿದೆ.

ಕಾನೂನು ಕಡೆ ಚಿಕ್ಕವರಿಗೆ ವಿನಾಯಿತಿ ಅಂತ ಅಂದ್ಕೋಬೇಡಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ಕ್ಕೆ ಹೊರಡಿಸಿದ ನಿರ್ದೇಶನ ಓದಿ, ಹ್ಯಾಕ್ ಥರದ ಘಟನೆ ಗೊತ್ತಾದ 6 ಗಂಟೇಲಿ ಅವರಿಗೆ ತಿಳಿಸ್ಬೇಕು, ಲಾಗ್‌ಗಳನ್ನ (ಸರ್ವರಲ್ಲಿ ಏನೇನಾಯ್ತು ಅನ್ನೋ ದಾಖಲೆ) 180 ದಿನ ಇಟ್ಕೋಬೇಕು, ವಿಪಿಎಸ್ (ಒಂದು ಸರ್ವರನ್ನ ಭಾಗ ಮಾಡಿ ಕೊಡೋ ವರ್ಚುವಲ್ ಸರ್ವರ್) ಕೊಡ್ತೀರ ಅಂದ್ರೆ ಗಿರಾಕಿ ಹೆಸರು ವಿಳಾಸ ಎಲ್ಲಾ ಪರಿಶೀಲಿಸಿ, ಅವರು ಬಿಟ್ಟು ಹೋದ ಮೇಲೂ 5 ವರ್ಷ ಇಡ್ಬೇಕು. ಜಿಎಸ್‌ಟಿಗೆ ಒಬ್ಬ ಆಡಿಟರ್‌ನ ಹಿಡೀರಿ, ಅದನ್ನ ನಾನು ಇಲ್ಲಿ ಬರೆಯೋಕೆ ಹೋಗಲ್ಲ.

ಸಾಫ್ಟ್‌ವೇರಲ್ಲಿ ಒಂದೇ ಮಾತು, ಸೆಂಟ್‌ಓಎಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮನ್ನ ಹಳೇ ವಿಡಿಯೋ ನೋಡಿ ಹಾಕ್ಬೇಡಿ, ಅದರ 7ನೇ ಆವೃತ್ತಿಯ ಸಪೋರ್ಟೂ 2024ರ ಜೂನ್‌ಗೆ ಮುಗೀತು, ಆಲ್ಮಾಲಿನಕ್ಸೋ ಡೆಬಿಯನ್ನೋ ಹಾಕಿ. ಗಿರಾಕಿಗಳ ಅಕೌಂಟ್ ನಿಭಾಯಿಸೋ ಸಾಫ್ಟ್‌ವೇರ್ ಸಿಪ್ಯಾನೆಲ್ 2019ರಿಂದ ಅಕೌಂಟ್ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತೆ, ನಿಮ್ಮ ರೇಟ್ ಇಡೋ ಮುಂಚೆ ಅದನ್ನ ಸೇರಿಸಿ ಲೆಕ್ಕ ಹಾಕಿ. ಪ್ರತಿ ಗಿರಾಕಿಯ ಅಕೌಂಟ್ ಬೇರೆ ಬೇರೆಯಾಗಿ ಮುಚ್ಚಿಟ್ಟಿರಿ, ಇಲ್ಲಾಂದ್ರೆ ಒಬ್ಬರ ಹಳೇ ವರ್ಡ್‌ಪ್ರೆಸ್ ಪ್ಲಗಿನ್ ಮೂಲಕ ಒಳಗೆ ಬಂದವನು ಸ್ಪ್ಯಾಮ್ ಕಳಿಸಿದ್ರೆ ಅದೇ ಐಪಿಯಲ್ಲಿರೋ ಎಲ್ಲರ ಇಮೇಲೂ ನಿಲ್ಲುತ್ತೆ.

ರೇಟಲ್ಲಿ ದೊಡ್ಡ ಕಂಪನಿಗಳ ಜೊತೆ ಪೈಪೋಟಿ ಬೇಡ, ಆಗಲ್ಲ. ನನ್ನ ಹತ್ರ ಜನ ಬರೋದು ಫೋನ್ ಎತ್ತುತೀನಿ ಅಂತ, ಕನ್ನಡದಲ್ಲಿ ಕೂತು ಹೇಳ್ತೀನಿ ಅಂತ, ಬೇಕಾದ್ರೆ ಅಂಗಡಿಗೇ ಹೋಗಿ ಮೇಲ್ ಸೆಟ್ ಮಾಡಿಕೊಟ್ಟು ಬರ್ತೀನಿ ಅಂತ. ಅದಕ್ಕೆ ಎರಡರಷ್ಟು ದುಡ್ಡು ಸಂತೋಷವಾಗಿ ಕೊಡ್ತಾರೆ.

ಮೂರೂವರೆ ಲಕ್ಷದಲ್ಲಿ ಎರಡು ಮಷೀನು, ಹೊಸ ಡಿಸ್ಕು, ಒಂದು ವರ್ಷದ ಬಾಡಿಗೆ ಪಕ್ಕಕ್ಕೆ ಇಟ್ಬಿಡಿ, ಉಳಿದದ್ದು ಮುಟ್ಬೇಡಿ. ಪರಿಚಯದ ಹತ್ತು ಜನರನ್ನ ಮಾತ್ರ ತಗೊಂಡು ಮೂರು ತಿಂಗಳು ನಡೆಸಿ. ದುಡ್ಡು ತಗೊಳ್ಳೋ ಮುಂಚೆ ಒಂದು ಭಾನುವಾರ ಒಂದು ಸೈಟನ್ನ ಬೇಕಂತಲೇ ಪೂರ್ತಿ ಅಳಿಸಿ, ಬೇರೆ ಊರಿನ ಬ್ಯಾಕಪ್‌ನಿಂದ ಇನ್ನೊಂದು ಮಷೀನ್ ಮೇಲೆ ವಾಪಸ್ ತಂದು ನೋಡಿ, ಎಷ್ಟು ಹೊತ್ತು ಹಿಡೀತು ಅಂತ ಒಂದು ಚೀಟೀಲಿ ಬರೆದಿಡಿ. ಗಿರಾಕಿ ಕೇಳಿದಾಗ ಆ ಚೀಟಿ ನೋಡ್ಕೊಂಡು ಟೈಮ್ ಹೇಳಿ.