ರೋಮಾ ಪಿಟೀಲು: ಎಲ್ಲಿಂದ ಕೇಳಲು ಶುರುಮಾಡಲಿ?

ಪ್ರಶ್ನೆ: ಮೊಂಟಿಯ ‘ಚಾರ್ದಾಶ್’ ಕೇಳಿದಾಗಿನಿಂದ ಜಿಪ್ಸಿ ಪಿಟೀಲಿನ ಹುಚ್ಚು ಹಿಡಿದಿದೆ. ಹುಡುಕಿದರೆ ಅದೇ ನಾಲ್ಕೈದು ಕೃತಿಗಳು ಮತ್ತೆ ಮತ್ತೆ ಸಿಗುತ್ತವೆ. ಕರ್ನಾಟಕ ಸಂಗೀತ ಅಷ್ಟಿಷ್ಟು ಗೊತ್ತು. ಯಾರನ್ನು ಕೇಳಲಿ?

ಉತ್ತರ: ಮೊಂಟಿ ಇಟಲಿಯ ನೇಪಲ್ಸ್‌ನವರು; ರೋಮಾ, ಅಂದರೆ ಹೊರಗಿನವರು ‘ಜಿಪ್ಸಿ’ ಎಂದು ಕರೆಯುವ ಜನಾಂಗದವರು, ಅಲ್ಲ. ಜೊತೆಗೆ ಸಿಗುವ ಸರಸಾತೆ ಸ್ಪೇನಿನವರು, ರಾವೆಲ್ ಫ್ರಾನ್ಸಿನವರು. ರೋಮಾ ವಾದಕರ ಶೈಲಿಗೆ ಮನಸೋತು ಕಛೇರಿಗೆಂದು ಬರೆದ ಕೃತಿಗಳವು. ‘ಜಿಪ್ಸಿ’ ಎಂದು ಹುಡುಕಿದಷ್ಟೂ ಅವೇ ಬರುತ್ತವೆ (ಆ ಹೆಸರು ಅನೇಕ ರೋಮಾ ಜನರಿಗೆ ಹಿಡಿಸುವುದೂ ಇಲ್ಲ). ಊರು ಮತ್ತು ವಾದಕರ ಹೆಸರು ಹಿಡಿದು ಹುಡುಕಿ.

ಮೊದಲು ರೊಮೇನಿಯಾ. ರಾಜಧಾನಿ ಬುಖಾರೆಸ್ಟ್‌ನ ನೈಋತ್ಯಕ್ಕಿರುವ ಕ್ಲೆಜಾನಿ ಹಳ್ಳಿಯ ತಾರಾಫ್ ದೆ ಹೈದೂಕ್ಸ್ ತಂಡದ 1991ರ ಆಲ್ಬಂ ತೆಗೆಯಿರಿ. ಅದರಲ್ಲಿ ನಿಕೊಲಾಯೆ ನ್ಯಾಕ್ಷು 1989ರ ಸರ್ವಾಧಿಕಾರಿಯ ಪತನದ ಲಾವಣಿ ಹಾಡುತ್ತಾರೆ. ತಂತಿಗೆ ಕಮಾನಿನ ಕುದುರೆಗೂದಲೊಂದನ್ನು ಕಟ್ಟಿ, ಅದನ್ನು ಬೆರಳುಗಳ ನಡುವೆ ಹಿಡಿದು ಎಳೆಯುತ್ತಾರೆ. ಗರಗರ ಎಂಬ ಒರಟು ಸದ್ದು ಬರುತ್ತದೆ. ರೆಕಾರ್ಡಿಂಗ್ ಕೆಟ್ಟಿದೆ ಎಂದುಕೊಂಡು ಮುಂದಕ್ಕೆ ಓಡಿಸಬೇಡಿ. ನಗರದ ನಯ ಬೇಕಿದ್ದರೆ ಗ್ರಿಗೊರಾಶ್ ದಿನಿಕು (1889–1949): ಅವರ ‘ಹೋರಾ ಸ್ಟಕಾಟೊ’ದಲ್ಲಿ ಕಮಾನಿನ ಒಂದೇ ಎಳೆತಕ್ಕೆ ಬಿಡಿಬಿಡಿ ಸ್ವರಗಳು ಸಾಲಾಗಿ ಉದುರುತ್ತವೆ.

ಹಂಗೇರಿಗೆ ಶಾಂದೋರ್ ಲಕತೋಶ್ ಸಾಕು; ಇಂದಿನವರಲ್ಲಿ ರೋಬಿ ಲಕತೋಶ್. ಚಾರ್ದಾಶ್ ಎಂಬ ಹಂಗೇರಿಯ ಕುಣಿತದ ಸಂಗೀತಕ್ಕೆ ಎರಡು ಭಾಗ, ನಿಧಾನದ ‘ಲಶ್ಶೂ’, ವೇಗದ ‘ಫ್ರಿಶ್’. ಹೊಸಬರು ಲಶ್ಶೂವನ್ನೇ ದಾಟಿಸಿಬಿಡುತ್ತಾರೆ, ರುಚಿ ಇರುವುದು ಅಲ್ಲೇ. ಮುಖ್ಯ ಪಿಟೀಲುಗಾರ, ಅಂದರೆ ಪ್ರಿಮಾಶ್, ಸ್ವರವನ್ನು ಮನಸ್ಸಿಗೆ ಬಂದಷ್ಟು ಎಳೆಯುತ್ತಾನೆ. ಉಳಿದವರು ಅವನ ಕಮಾನು ನೋಡುತ್ತಾ ಕಾಯುತ್ತಾರೆ.

ಮತ್ತೆ ರೊಮೇನಿಯಾಕ್ಕೆ ಬಂದರೆ, ಅಲ್ಲಿನ ಟ್ರಾನ್ಸಿಲ್ವೇನಿಯಾ ಪ್ರಾಂತ್ಯದ ಪಾಲಾತ್ಕಾ ತಂಡವನ್ನು ಬಿಡಬೇಡಿ. ಅಲ್ಲಿನ ‘ಕೊಂತ್ರಾ’ ಮೂರು ತಂತಿಯ ವಯೋಲಾ (ಪಿಟೀಲಿಗಿಂತ ತುಸು ದೊಡ್ಡ ವಾದ್ಯ). ಅದರ ಕುದುರೆ (ತಂತಿಗಳನ್ನು ಹೊರುವ ಬ್ರಿಡ್ಜ್) ಚಪ್ಪಟೆ, ಹಾಗಾಗಿ ಒಂದೇ ಎಳೆತಕ್ಕೆ ಮೂರೂ ತಂತಿ ನುಡಿಯುತ್ತವೆ. ತಾಳ ನಡೆಯುವುದು ಈ ಎಳೆತದ ಮೇಲೆಯೇ. ಫೋನಿನ ಸ್ಪೀಕರ್‌ನಲ್ಲಿ ಕೊಂತ್ರಾ, ಬಾಸ್ ಎರಡೂ ಮಾಯವಾಗಿ ಬರೀ ಕಿರ್‌ಗುಡುವ ಪಿಟೀಲು ಉಳಿಯುತ್ತದೆ. ಹೆಡ್‌ಫೋನ್ ಹಾಕಿಕೊಳ್ಳಿ, ಮೊದಲ ಸಲ ಕೊಂತ್ರಾ ಒಂದನ್ನೇ ಹಿಂಬಾಲಿಸಿ.

ಹಂಗೇರಿಯನ್ ಮೈನರ್ ಎನ್ನುವ ಸ್ವರಶ್ರೇಣಿ ನಿಮಗೆ ಗೊತ್ತಿರುವುದೇ: 57ನೇ ಮೇಳ, ಸಿಂಹೇಂದ್ರಮಧ್ಯಮದ ಸ್ವರಗಳು. ಹಾಗೆಂದು ರಾಗ ಹುಡುಕಲು ಹೋದರೆ ನಿರಾಸೆ. ನಮ್ಮ ಗಮಕವಿಲ್ಲ, ಪಿಟೀಲಿನ ಕೆಳಗೆ ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ (ಕಾರ್ಡ್) ಬದಲಾಗುತ್ತಲೇ ಇರುತ್ತದೆ.

ಇನ್ನೊಂದು ಮಾತು. ಈ ಪಿಟೀಲು ಬಹುಪಾಲು ಊರವರ ಮದುವೆಗೂ ಹೋಟೆಲಿಗೂ ನುಡಿಸಿದ ಕಸುಬು. ರೋಮಾ ಜನರಲ್ಲೇ ಒಂದು ಪಂಗಡವಾದ ಹಂಗೇರಿಯ ವ್ಲಾಖ್ ರೋಮಾಗಳ ಮನೆಯ ಹಾಡಿನಲ್ಲಿ ಸಾಮಾನ್ಯವಾಗಿ ಪಿಟೀಲೇ ಇರುವುದಿಲ್ಲ. ಬಾಯಲ್ಲೇ ಹಾಕುವ ತಾಳ, ಚಮಚ, ಹಾಲಿನ ಕ್ಯಾನು ಅಷ್ಟೇ. ಅದಕ್ಕೆ 1978ರಲ್ಲಿ ಶುರುವಾದ ಕಾಲಿ ಯಾಗ್ ತಂಡವನ್ನು ಕೇಳಿ.