ವೈನ್ ನಮ್ಮ ನಾಲಿಗೆಗಲ್ಲ ಅಂತ ತೀರ್ಮಾನ ಮಾಡುವ ಮೊದಲು

ಮೈಸೂರಿನಲ್ಲಿದ್ದೇವೆ, ಗಂಡ ಹೆಂಡತಿ ಇಬ್ಬರಿಗೂ ವೈನ್ ರುಚಿ ಕಲಿಯುವ ಆಸೆ, ಆದರೆ ಕುಡಿದಾಗೆಲ್ಲ ಹುಳಿ ಮತ್ತು ಒಗರು ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ, ಕೋರ್ಸ್ ಸೇರಬೇಕಾ ಇಲ್ಲ ಒಂದು ದುಬಾರಿ ಬಾಟಲಿ ತಂದು ಶುರು ಮಾಡಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾವು ದುಬಾರಿ ಬಾಟಲಿಯಿಂದಲೇ ಶುರು ಮಾಡಿದವರು. ಆಮೇಲೆ ವರ್ಷಗಟ್ಟಲೆ ವೈನ್ ಮುಟ್ಟಲಿಲ್ಲ.

ಆಗ ನಮಗೆ ಮದುವೆಯಾದ ಹೊಸತು. ಕುವೆಂಪುನಗರದಲ್ಲಿ ಬಾಡಿಗೆ ಮನೆ, ಮೇಲಿನ ಮಹಡಿ. ಫ್ರಾನ್ಸಿನಲ್ಲಿ ಕೆಲಸಕ್ಕಿದ್ದ ನನ್ನ ಮೈದುನ ರಜಕ್ಕೆ ಬಂದಾಗ ಬೋರ್ಡೋ ಕಡೆಯ ಒಂದು ರೆಡ್ ವೈನ್ ತಂದುಕೊಟ್ಟ. ಬೆಲೆ ಕೇಳಿ ನಮ್ಮಿಬ್ಬರಿಗೂ ಮಾತೇ ಹೊರಡಲಿಲ್ಲ. ಅವತ್ತೇ ತೆಗೆದು ಕುಡಿಯೋಣ ಅಂತ ಅವನು ಹೇಳಿದ. ನಾನೇ ಬೇಡ ಅಂದೆ. ವೈನ್ ಹಳೇದಾದಷ್ಟೂ ಒಳ್ಳೇದಲ್ವಾ, ಇಂಥದ್ದನ್ನು ಸುಮ್ನೆ ಒಂದು ಮಂಗಳವಾರ ರಾತ್ರಿ ಕುಡಿದು ಮುಗಿಸುವುದಾ, ಯಾವುದಾದರೂ ವಿಶೇಷ ದಿನಕ್ಕೆ ಇರಲಿ ಅಂದೆ. ಹಾಲಿನ ಶೋಕೇಸಿನಲ್ಲಿ ಬೀಟೆಮರದ ಆನೆಯ ಪಕ್ಕ ಅದನ್ನು ನಿಲ್ಲಿಸಿದೆವು. ಎದುರಿಗೇ ಪಶ್ಚಿಮದ ಕಿಟಕಿ. ಸಾಯಂಕಾಲದ ಬಿಸಿಲು ನೇರವಾಗಿ ಬಾಟಲಿ ಮೇಲೆ ಬೀಳುತ್ತಿತ್ತು, ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ಅತ್ತೆ ಊರಿಂದ ಬಂದಾಗ ಮಾತ್ರ ಅದು ಅಡುಗೆಮನೆಯ ಅಟ್ಟಕ್ಕೆ ಹೋಗುತ್ತಿತ್ತು. ಒಲೆಯ ಕಾವೆಲ್ಲ ಏರಿ ನಿಲ್ಲುವ ಜಾಗ ಅದು.

ವಿಶೇಷ ದಿನ ಕೊನೆಗೂ ಬಂತು. ಮೈದುನನಿಗೆ ಮದುವೆ ಗೊತ್ತಾಗಿ, ಹುಡುಗಿಯನ್ನು ನಮ್ಮ ಮನೆಗೆ ಊಟಕ್ಕೆ ಕರೆತಂದ. ಬಾಟಲಿ ಇಳಿಸಿದೆವು. ಕಾರ್ಕ್ ಅರ್ಧಕ್ಕೇ ಮುರಿದು ಪುಡಿಪುಡಿಯಾಗಿ ಒಳಗೆ ಬಿತ್ತು. ಟೀ ಸೋಸುವ ಜರಡಿಯಲ್ಲಿ ಸೋಸಿ ಲೋಟಕ್ಕೆ ಹಾಕಿದೆವು. ಬಣ್ಣ ಇಟ್ಟಿಗೆಪುಡಿಯ ಹಾಗೆ ಕಂದು. ಮೊದಲು ಬೇಯಿಸಿದ ಒಣದ್ರಾಕ್ಷಿಯ ವಾಸನೆ, ಅದರ ಹಿಂದೆಯೇ ವಿನೆಗರ್. ಮೈದುನ ಒಂದು ಗುಟುಕು ಕುಡಿದು ಏನೂ ಹೇಳದೆ ಲೋಟ ಕೆಳಗಿಟ್ಟ. ನಾನು ಮತ್ತು ನನ್ನ ಗಂಡ ಪೂರ್ತಿ ಕುಡಿದೆವು. ದುಬಾರಿ ವೈನ್ ಹೀಗೇ ಇರುತ್ತದೆ ಅಂತ ನಂಬಿ ಕುಡಿದೆವು.

ಎಲ್ಲಿ ತಪ್ಪಿತು ಅಂತ ಬಿಡಿಸಿ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳದೆ ಓದಿ, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ತಪ್ಪಿನ ಮೊದಲ ಹೆಜ್ಜೆ ಕಾಣುತ್ತಿದೆ.

ಹಳೇದಾದಷ್ಟೂ ಒಳ್ಳೇದು ಅನ್ನುವ ಮಾತು ಪ್ರಪಂಚದ ಕೆಲವೇ ಕೆಲವು ವೈನ್‌ಗಳಿಗೆ ಸಲ್ಲುತ್ತದೆ. ಉಳಿದ ಬಹುಪಾಲು ವೈನ್ ಮಾಡುವುದೇ ಕೆಲವು ವರ್ಷಗಳೊಳಗೆ ಕುಡಿದು ಮುಗಿಸಲಿ ಅಂತ. ಇಟ್ಟರೆ ಒಳ್ಳೇದಾಗುವ ಆ ಕೆಲವು ಬಾಟಲಿಗಳಿಗೂ ನೆಲಮಾಳಿಗೆಯಂಥ ಜಾಗ ಬೇಕು. ಬೇಸಿಗೆ, ಚಳಿ ಎರಡರಲ್ಲೂ 12–13 ಡಿಗ್ರಿ ಆಸುಪಾಸಿನಲ್ಲೇ ಇರಬೇಕು. ಬೆಳಕು ಬೀಳಬಾರದು. ಕಾರ್ಕ್ ಇರುವ ಬಾಟಲಿಯನ್ನು ಮಲಗಿಸಿಡಬೇಕು, ಆಗ ವೈನ್ ತಾಗಿ ಕಾರ್ಕ್ ಒದ್ದೆಯಾಗಿದ್ದು ಬಾಯಿ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ನಾವು ನಿಲ್ಲಿಸಿಟ್ಟಿದ್ದೆವು, ಕಾರ್ಕ್ ಒಣಗಿತು. ಏಪ್ರಿಲ್‌ನಲ್ಲಿ ಮೈಸೂರಿನ ಮಧ್ಯಾಹ್ನ ಅಂದರೆ 34–35 ಡಿಗ್ರಿ, ಆ ಬಿಸಿಲು ಬೀಳುವ ಶೋಕೇಸಿನ ಗಾಜಿನ ಹಿಂದೆ ಇನ್ನೂ ಜಾಸ್ತಿ. ಬಿಸಿಗೆ ಬಾಟಲಿಯೊಳಗಿನ ವೈನ್ ಹಿಗ್ಗಿ ಕಾರ್ಕನ್ನು ನೂಕುತ್ತದೆ. ರಾತ್ರಿ ತಣ್ಣಗಾದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ದಿನಾ ಇದೇ ಕಥೆ. ಗಾಳಿ ಸೇರಿದ ವೈನ್‌ನಲ್ಲಿ ಮೊದಲು ಹಣ್ಣಿನ ಘಮ ಹೋಗುತ್ತದೆ, ಆಮೇಲೆ ಬಣ್ಣ, ಕೊನೆಗೆ ಹುಳಿ ಮಾತ್ರ ಉಳಿಯುತ್ತದೆ.

ದುಡ್ಡು ಹೋದದ್ದು ಹೋಯಿತು. ನಮಗೆ ಜಾಸ್ತಿ ನಷ್ಟ ಮಾಡಿದ್ದು ಅದರಿಂದ ನಾವು ಕಲಿತ ತಪ್ಪು ಪಾಠ. ಇಷ್ಟು ಒಳ್ಳೆಯ ವೈನೇ ಹಿಡಿಸಲಿಲ್ಲ ಅಂದಮೇಲೆ ನಮ್ಮ ನಾಲಿಗೆಯಲ್ಲೇ ದೋಷ, ಸಾರು ಮುದ್ದೆ ತಿಂದು ಬೆಳೆದವರಿಗೆ ಇದೆಲ್ಲ ಅಲ್ಲ ಅಂತ ತೀರ್ಮಾನ ಮಾಡಿಬಿಟ್ಟೆವು. ಕೆಟ್ಟಿದ್ದು ವೈನ್, ಬೈಸಿಕೊಂಡದ್ದು ನಾಲಿಗೆ. ಒಳ್ಳೆಯ ವೈನ್ ಹೇಗಿರುತ್ತದೆ ಅಂತಲೇ ಗೊತ್ತಿಲ್ಲದಿದ್ದಾಗ ಕೆಟ್ಟಿದ್ದನ್ನು ಗುರುತಿಸುವುದು ಹೇಗೆ? ಒಂದೇ ಒಂದು ಬಾಟಲಿ, ಅದೂ ವಿಶೇಷ ದಿನ, ಎಲ್ಲರೂ ಮುಖ ನೋಡುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ಯಾರಿಗೂ ರುಚಿ ಕಲಿಯಲು ಆಗುವುದಿಲ್ಲ. ಅದಕ್ಕೇ ಹೇಳುತ್ತಿರುವುದು, ದುಬಾರಿ ಬಾಟಲಿ ತರಬೇಡಿ.

ಮತ್ತೆ ಶುರುವಾಗಿದ್ದು ಆಕಸ್ಮಿಕವಾಗಿ. ಬೆಂಗಳೂರಿಗೆ ಹೋಗುವಾಗ ಚನ್ನಪಟ್ಟಣದ ಹತ್ತಿರ ಸುಲಾ ಅನ್ನುವ ಕಂಪನಿಯವರ ವೈನರಿಯಲ್ಲಿ, ಅಂದರೆ ವೈನ್ ತಯಾರಿಸುವ ಜಾಗದಲ್ಲಿ, ಗೆಳತಿಯೊಬ್ಬಳು ಇಳಿಸಿದಳು. ಅಲ್ಲಿ ಸಣ್ಣ ಸಣ್ಣ ಅಳತೆಯಲ್ಲಿ ಬೇರೆ ಬೇರೆ ವೈನ್ ರುಚಿ ನೋಡಬಹುದು. ಬಡಿಸುತ್ತಿದ್ದ ಹುಡುಗ ರೆಡ್ ವೈನನ್ನೂ ಫ್ರಿಜ್‌ನಿಂದಲೇ ತೆಗೆದ. ರೆಡ್ ವೈನ್ ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕು ಅಲ್ವಾ ಅಂದೆ. "ಯಾವೂರ ರೂಮು ಮೇಡಂ?" ಅಂದ.

ಯುರೋಪಿನ ಹಳೆಯ ಕಲ್ಲಿನ ಮನೆಗಳ ರೂಮು 16–18 ಡಿಗ್ರಿ ಇರುತ್ತಿತ್ತು, ಆ ಮಾತು ಹುಟ್ಟಿದ್ದು ಅಲ್ಲಿ. ನಮ್ಮ ರೂಮಿನ 30 ಡಿಗ್ರಿಯಲ್ಲಿ ರೆಡ್ ವೈನ್ ಕುಡಿದರೆ ಮೂಗಿಗೆ ಆಲ್ಕೋಹಾಲ್ ಮಾತ್ರ ಹೊಡೆಯುತ್ತದೆ, ಹಣ್ಣು ಎಲ್ಲೋ ಅಡಗಿಕೊಳ್ಳುತ್ತದೆ. ಆ ಹುಡುಗ ಕೊಟ್ಟ ತಣ್ಣನೆಯ ಶಿರಾಜ್ ಅನ್ನುವ ರೆಡ್ ವೈನ್‌ಗೆ ಮೂಗಿಟ್ಟ ತಕ್ಷಣ ನನಗೆ ಹೊಡೆದದ್ದು ಆಗತಾನೇ ಕುಟ್ಟಿದ ಕಾಳುಮೆಣಸು. ಅದು ಭ್ರಮೆಯಲ್ಲ. ಕಾಳುಮೆಣಸಿಗೆ ಆ ವಾಸನೆ ಕೊಡುವ ರೊಟಂಡೋನ್ ಅನ್ನುವ ಅಂಶವೇ ಶಿರಾಜ್ ದ್ರಾಕ್ಷಿಯಲ್ಲೂ ಇದೆ ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಅವರ ಪರೀಕ್ಷೆಯಲ್ಲಿ ಹೆಚ್ಚುಕಮ್ಮಿ ಐವರಲ್ಲಿ ಒಬ್ಬರಿಗೆ ಆ ವಾಸನೆ ಗೊತ್ತೇ ಆಗಲಿಲ್ಲ. ನನ್ನ ಗಂಡ ಆ ಪೈಕಿ ಇರಬೇಕು. ಇವತ್ತಿಗೂ ಅವರಿಗೆ ಶಿರಾಜ್‌ನಲ್ಲಿ ಮೆಣಸು ಸಿಕ್ಕಿಲ್ಲ, ಆದರೆ ನನಗಿಂತ ಮೊದಲು ನೇರಳೆಹಣ್ಣು ಹಿಡಿಯುತ್ತಾರೆ. ಇನ್ನೊಬ್ಬರಿಗೆ ಸಿಕ್ಕಿದ ವಾಸನೆ ನಿಮಗೆ ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ನಿಮ್ಮ ಒಗರಿನ ವಿಷಯ. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿ ಟ್ಯಾನಿನ್ ಇರುತ್ತದೆ. ಅದು ಎಂಜಲಿನಲ್ಲಿರುವ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದ ಬಾಯಿ ಒಣಗಿದ ಹಾಗೆ ಆಗುತ್ತದೆ. ರೆಡ್ ವೈನನ್ನು ಸಿಪ್ಪೆಯ ಜೊತೆಗೇ ಹುದುಗಲು ಬಿಡುತ್ತಾರೆ, ಆದ್ದರಿಂದ ಅದರಲ್ಲಿ ಒಗರು ಜಾಸ್ತಿ. ವೈಟ್ ವೈನ್‌ಗೆ ರಸ ಮಾತ್ರ ತೆಗೆದುಕೊಳ್ಳುತ್ತಾರೆ, ಒಗರು ಇಲ್ಲವೇ ಇಲ್ಲ ಅನ್ನಬಹುದು. ನಮ್ಮ ಕಡೆ ಎಲ್ಲರೂ ರೆಡ್‌ನಿಂದಲೇ ಶುರು ಮಾಡುತ್ತಾರೆ, ಅದೇ ಅಸಲಿ ವೈನ್ ಅನ್ನುವ ಹಾಗೆ. ನನ್ನ ಪ್ರಕಾರ ಅದು ತಲೆಕೆಳಗಾದ ಕ್ರಮ. ವೈಟ್‌ನಿಂದ ಶುರು ಮಾಡಿ. ಪೋರ್ಟ್ ಅಂತ ಲೇಬಲ್ ಹಚ್ಚಿದ ಅಗ್ಗದ ಸಿಹಿ ವೈನ್ ಕುಡಿದು ವೈನ್ ಅಂದರೆ ಅದೇ ಅಂದುಕೊಂಡಿದ್ದರೆ ಅದನ್ನೂ ಸ್ವಲ್ಪ ದಿನ ಮರೆತುಬಿಡಿ. ಅದರಲ್ಲಿ ಹೆಚ್ಚಾಗಿ ಇರುವುದು ನಾವು ಬೀಜ ಉಗುಳುತ್ತಾ ತಿನ್ನುವ ಬೆಂಗಳೂರು ಬ್ಲೂ ದ್ರಾಕ್ಷಿ. ತಿನ್ನುವುದಕ್ಕೆ ಬಲು ರುಚಿ, ಆದರೆ ಅದರ ಸಿಹಿಗೆ ನಾಲಿಗೆ ಒಗ್ಗಿಹೋದರೆ ಸಿಹಿ ಇಲ್ಲದ ಡ್ರೈ ವೈನ್ ಎಲ್ಲವೂ ಹುಳಿ ಅನ್ನಿಸುತ್ತದೆ.

ನಮ್ಮ ಮನೆಯಲ್ಲಿ ಈಗ ನಡೆಯುವುದು ಹೀಗೆ. ಒಂದು ಚೆನಿನ್ ಬ್ಲಾಂಕ್, ಒಂದು ಸೋವಿನ್ಯೋನ್ ಬ್ಲಾಂಕ್ ತರುತ್ತೇವೆ. ಎರಡೂ ವೈಟ್ ವೈನ್, ಇಲ್ಲಿನವೇ, ಸಾಮಾನ್ಯ ಬೆಲೆಯವು, ತಿರುಗಿಸಿ ತೆಗೆಯುವ ಮುಚ್ಚಳದವು. ಮುಚ್ಚಳ ಇದ್ದರೆ ಅಗ್ಗದ ಮಾಲು ಅಂತ ಕೆಲವರು ಮೂಗು ಮುರಿಯುತ್ತಾರೆ, ಕೇಳಬೇಡಿ. ನಮ್ಮ ಬಿಸಿಲಿಗೆ ಕಾರ್ಕಿಗಿಂತ ಅದೇ ವಾಸಿ. ಮಧ್ಯಾಹ್ನವೇ ಫ್ರಿಜ್‌ಗೆ ಇಟ್ಟು, ಕುಡಿಯುವ ಹತ್ತು ನಿಮಿಷ ಮೊದಲು ಹೊರಗೆ ತೆಗೆಯುತ್ತೇವೆ. ರೆಡ್ ಆದರೆ ಫ್ರಿಜ್‌ನಲ್ಲಿ ಒಂದು ಗಂಟೆ ಸಾಕು, ತೀರಾ ತಣ್ಣಗಾದರೆ ಒಗರು ಇನ್ನೂ ಎದ್ದು ಕಾಣುತ್ತದೆ. ಅಕ್ಕಪಕ್ಕ ಎರಡು ಲೋಟ, ಎರಡರಲ್ಲೂ ಸ್ವಲ್ಪ ಸ್ವಲ್ಪ. ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಹೋಗಿ ಬರುವುದು. ಒಂದನ್ನೇ ಕುಡಿದರೆ ಹುಳಿ ಅನ್ನಿಸುತ್ತದೆ ಅಷ್ಟೇ. ಎರಡನ್ನು ಒಟ್ಟಿಗೆ ಇಟ್ಟುಕೊಂಡರೆ ಯಾವುದು ಜಾಸ್ತಿ ಹುಳಿ, ಯಾವುದರಲ್ಲಿ ಹಸಿ ವಾಸನೆ, ಯಾವುದು ಬಾಯಲ್ಲಿ ತುಂಬ ಹೊತ್ತು ಇರುತ್ತದೆ ಅಂತ ತಾನಾಗಿಯೇ ಗೊತ್ತಾಗುತ್ತದೆ. ಉಳಿದದ್ದಕ್ಕೆ ಮುಚ್ಚಳ ಬಿಗಿದು ಮತ್ತೆ ಫ್ರಿಜ್‌ಗೆ. ಮೂರು ದಿನ ಆರಾಮಾಗಿ ಇರುತ್ತದೆ. 750 ಎಂ.ಎಲ್. ಬಾಟಲಿಯಲ್ಲಿ 150 ಎಂ.ಎಲ್.ನ ಐದು ಲೋಟ ಬರುತ್ತದೆ, ಒಂದೇ ರಾತ್ರಿ ಮುಗಿಸುವ ಅವಸರ ಯಾಕೆ?

ಕೋರ್ಸಿಗೆ ಕಟ್ಟುವ ದುಡ್ಡಿನ ಬದಲು ಒಂದು ಬೆಳಿಗ್ಗೆ ದೇವರಾಜ ಮಾರ್ಕೆಟ್‌ಗೆ ಹೋಗಿ. ನಿಜವಾಗಿ ಹೇಳುತ್ತಿದ್ದೇನೆ. ಗಟ್ಟಿ ಸೀಬೆಕಾಯಿ ಒಂದು, ಮಾಗಿದ್ದು ಒಂದು, ಒಂದು ದೊಣ್ಣೆ ಮೆಣಸಿನಕಾಯಿ, ನಿಂಬೆಹಣ್ಣು, ಒಂದು ಹೋಳು ಅನಾನಸ್ ತನ್ನಿ. ರಾತ್ರಿ ಲೋಟದ ಪಕ್ಕ ಕತ್ತರಿಸಿಟ್ಟುಕೊಳ್ಳಿ. ದೊಣ್ಣೆ ಮೆಣಸಿನಕಾಯಿಯನ್ನು ಮೂಸಿ, ತಕ್ಷಣ ಸೋವಿನ್ಯೋನ್ ಬ್ಲಾಂಕ್ ಮೂಸಿ. ಆ ಹಸಿ ವಾಸನೆ ಕೊಡುವ ಪೈರಜೀನ್ ಅನ್ನುವ ಗುಂಪಿನ ಅಂಶ ಎರಡರಲ್ಲೂ ಇರುತ್ತದೆ. ವಾಸನೆ ಮೂಗಿಗೆ ಬಂದರೂ ಹೆಸರು ಬಾಯಿಗೆ ಬರುವುದಿಲ್ಲ, ಎಲ್ಲರ ಕಷ್ಟವೂ ಅಷ್ಟೇ. ವಸ್ತು ಎದುರಿಗೇ ಇದ್ದರೆ ಹೆಸರು ಸಿಕ್ಕಿಬಿಡುತ್ತದೆ. ಹೋಟೆಲಿನಲ್ಲಿ ವೈನ್ ಬಡಿಸುವ ಕೆಲಸ ಹಿಡಿಯುವವರಿಗೆ ಕೋರ್ಸ್ ಬೇಕು. ಊಟದ ಜೊತೆ ಒಂದು ಲೋಟ ಇಷ್ಟಪಟ್ಟು ಕುಡಿಯುವವರಿಗೆ ಬೇಡ.

ಊಟ ಅಂದೆನಲ್ಲ, ಅದು ಬಹಳ ಮುಖ್ಯ. ವೈನ್‌ಗೆ ಚೀಸ್ ಬೇಕು, ಪಾಸ್ತಾ ಬೇಕು ಅಂತ ಅಡುಗೆಯನ್ನೇ ಬದಲಾಯಿಸಲು ಹೋಗಬೇಡಿ. ಅಡುಗೆ ಹುಳಿಯಾಗಿದ್ದರೆ ವೈನಿನ ಹುಳಿ ಕಮ್ಮಿ ಅನ್ನಿಸುತ್ತದೆ, ಅಂದಮೇಲೆ ಹುಣಸೆಹುಳಿ ಬಿದ್ದ ನಮ್ಮ ಅಡುಗೆ ವೈನ್‌ಗೆ ಶತ್ರುವೇನಲ್ಲ. ಶತ್ರು ಖಾರ. ಖಾರದ ಜೊತೆ ರೆಡ್ ಕುಡಿದರೆ ಒಗರೂ ಉರಿಯೂ ಸೇರಿ ಬಾಯಿ ಹತ್ತಿ ಉರಿಯುತ್ತದೆ. ಖಾರದ ಊಟಕ್ಕೆ ಸ್ವಲ್ಪ ಸಿಹಿ ಇರುವ ಚೆನಿನ್ ಬ್ಲಾಂಕ್ ಇಡಿ. ಬಸ್ಸಾರು ಮುದ್ದೆ ಜೊತೆ ತಣ್ಣನೆಯ ಚೆನಿನ್ ಬ್ಲಾಂಕ್ ನನಗೆ ಬಹಳ ಇಷ್ಟ. ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ರುಬ್ಬಿದ ಸಾರಿನ ಕಾವು ಗಂಟಲಲ್ಲಿರುವಾಗ ಒಂದು ಗುಟುಕು ಕುಡಿದರೆ, ಅದುವರೆಗೆ ಅಡಗಿದ್ದ ಅನಾನಸ್ಸಿನ ರುಚಿ ಎದ್ದು ಬರುತ್ತದೆ. ಮದ್ದೂರು ವಡೆ, ಅಂಬೊಡೆಯಂಥ ಕರಿದ ತಿಂಡಿಗೆ ಸೋವಿನ್ಯೋನ್ ಬ್ಲಾಂಕ್ ಸರಿ, ಅದರ ಹುಳಿ ಎಣ್ಣೆಯ ಜಿಡ್ಡನ್ನು ಕತ್ತರಿಸುತ್ತದೆ. ಶಿರಾಜನ್ನು ನಾಟಿ ಕೋಳಿ ಸುಕ್ಕಕ್ಕೆ ಇಟ್ಟುಕೊಳ್ಳಿ, ಮೆಣಸಿನಕಾಯಿ ಖಾರ ಸ್ವಲ್ಪ ಹಿಡಿದು ಕಾಳುಮೆಣಸು ಜಾಸ್ತಿ ಹಾಕಿ. ಮಾಂಸದ ಜೊತೆ ಒಗರು ಮೆತ್ತಗಾಗುತ್ತದೆ. ಮೈಸೂರು ಪಾಕ್ ಜೊತೆ ಮಾತ್ರ ಡ್ರೈ ವೈನ್ ಬೇಡವೇ ಬೇಡ, ಸಿಹಿಯ ಮುಂದೆ ಅದು ಬರೀ ಕಹಿ.

ಕೊಳ್ಳುವಾಗ ಒಂದು ಎಚ್ಚರ. ಅಂಗಡಿಗಳಲ್ಲಿ ವೈನ್ ಹೆಚ್ಚಾಗಿ ಕುಳಿತಿರುವುದು ಮೇಲಿನ ಶೆಲ್ಫ್‌ನಲ್ಲಿ, ಟ್ಯೂಬ್‌ಲೈಟ್ ಕೆಳಗೆ. ಅಲ್ಲಿ ಧೂಳು ಹಿಡಿದ ಬಾಟಲಿ ತೆಗೆದುಕೊಟ್ಟರೆ ಬೇಡ ಅನ್ನಿ. ಲೇಬಲ್ ಮೇಲೆ ವರ್ಷ ಇದ್ದರೆ ಓದಿ, ವೈಟ್ ಆದರೆ ಹೊಸದಿದ್ದಷ್ಟೂ ಒಳ್ಳೇದು. ಏಪ್ರಿಲ್, ಮೇ ತಿಂಗಳಲ್ಲಿ ಬಾಟಲಿಯನ್ನು ಕಾರಿನಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಮನೆಗೆ ತಂದಮೇಲೆ ಶೋಕೇಸ್, ಅಟ್ಟ, ಫ್ರಿಜ್‌ನ ತಲೆ ಮೇಲೆ, ಎಲ್ಲೂ ಬೇಡ. ಒಂದೆರಡು ವಾರದೊಳಗೆ ಕುಡಿಯುವಷ್ಟೇ ತಂದು ಫ್ರಿಜ್‌ನೊಳಗೇ ಇಡಿ.

ರೆಡ್ ವೈನ್ ಹೃದಯಕ್ಕೆ ಒಳ್ಳೇದಂತೆ ಅಂತಲೂ ಕೊನೆಯಲ್ಲಿ ಬರೆದಿದ್ದೀರಿ. ಆ ಕಾರಣಕ್ಕೆ ಕುಡಿಯುವುದಾದರೆ ಶುರುವೇ ಮಾಡಬೇಡಿ. ಆಲ್ಕೋಹಾಲ್ ಎಷ್ಟೇ ಕಮ್ಮಿ ಕುಡಿದರೂ ಪೂರ್ತಿ ಸುರಕ್ಷಿತ ಅನ್ನುವಂತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ನಾವು ಕುಡಿಯುವುದು ರುಚಿಗೆ, ವಾರದಲ್ಲಿ ಒಂದೆರಡು ರಾತ್ರಿ, ಊಟದ ಜೊತೆ. ವೈನರಿಗೆ ಹೋದರೆ ಗಾಡಿ ಓಡಿಸುವವರು ರುಚಿ ನೋಡುವುದೇ ಬೇಡ.

ಈ ವಾರವೇ ಶುರು ಮಾಡುವುದಾದರೆ ನಾನು ಹೇಳಿದ ಆ ಎರಡು ವೈಟ್ ತನ್ನಿ, ಬುಧವಾರವೋ ಗುರುವಾರವೋ ತೆಗೆಯಿರಿ, ಮನೆಯಲ್ಲಿ ಅವತ್ತು ಏನು ಸಾರು ಆಗಿದೆಯೋ ಅದರ ಜೊತೆಗೇ ಕುಡಿಯಿರಿ. ಮೂರು ದಿನದಲ್ಲಿ ಯಾವ ಬಾಟಲಿ ಮೊದಲು ಖಾಲಿಯಾಯಿತು ಅಂತ ಕೆಳಗೆ ಬರೆಯಿರಿ. ಅದನ್ನು ನೋಡಿ ಮುಂದಿನದು ಯಾವುದು ತರಬೇಕು ಅಂತ ಹೇಳುತ್ತೇನೆ.