ಜರ್ಮನಿಗೆ ಓದೋಕೆ ಹೋಗಲು ಕನ್ಸಲ್ಟೆನ್ಸಿಗೆ ದುಡ್ಡು ಕೊಡಬೇಕಾ?

ತಂಗಿ ದಾವಣಗೆರೆಯಲ್ಲಿ ಬಿಇ ಕೊನೆ ವರ್ಷ, ಜರ್ಮನಿಯಲ್ಲಿ ಎಂಎಸ್ ಮಾಡಬೇಕಂತೆ, ಕನ್ಸಲ್ಟೆನ್ಸಿಯವರು ಒಂದೂವರೆ ಲಕ್ಷ ಕೇಳ್ತಿದ್ದಾರೆ, ಕೊಡಬಹುದಾ ಅಂತ ಕೇಳಿದ್ದೀರಿ. ನಾನು ಇಲ್ಲಿನದೇ ಒಂದು ಕಾಲೇಜಿನಲ್ಲಿ ಹೊರದೇಶಕ್ಕೆ ಹೋಗುವ ಮಕ್ಕಳ ಕಾಗದಪತ್ರ ನೋಡಿಕೊಳ್ಳುತ್ತೇನೆ. ನನ್ನನ್ನು ಕೇಳಿದರೆ, ಬೇಡ.

ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀ ಇಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ, ಮ್ಯೂನಿಕ್‌ನ ತಾಂತ್ರಿಕ ವಿವಿ ಟಿಯುಎಂ ಕೂಡ ಈಗ ಫೀ ತಗೊಳ್ಳುತ್ತೆ. ಫೀ ಇಲ್ಲದ ಕಡೆಯಿಂದ ಏಜೆಂಟ್‌ಗೆ ಕಮಿಷನ್ ಎಲ್ಲಿಂದ ಬರಬೇಕು? ಒಂದೋ ನಿಮ್ಮ ಜೇಬಿನಿಂದ, ಇಲ್ಲಾಂದ್ರೆ ನಿಮ್ಮನ್ನು ಖಾಸಗಿ ವಿವಿಗೆ ಕಳಿಸಿ. ಅವರು ಕೊಟ್ಟ ಪಟ್ಟಿಯಲ್ಲಿ ಖಾಸಗಿಯವು ಎಷ್ಟಿವೆ, ಒಮ್ಮೆ ಎಣಿಸಿ. ಕೋರ್ಸ್ ಹುಡುಕೋಕೆ ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ ಡಿಎಎಡಿ (DAAD) ಜಾಲತಾಣ ಸಾಕು, ಪುಕ್ಕಟೆ.

ದುಡ್ಡು ಬೇರೆ ಕಡೆ ಬೇಕು. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ಒಂದು ವರ್ಷದ ಖರ್ಚಿನ ದುಡ್ಡು ಮೊದಲೇ ಕಟ್ಟಿಡುವ ಖಾತೆಯಲ್ಲಿ, 11,904 ಯೂರೋ ತೋರಿಸಬೇಕು, ಹತ್ತಿರ ಹತ್ತಿರ 12 ಲಕ್ಷ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992ರಂತೆ ಅವಳ ಕೈಗೇ ಬರುತ್ತೆ. ಸಾಲ ಮಾಡೋದಾದರೆ ಒಂದು ಮಾತು. ಚನ್ನಗಿರಿ ಕಡೆಯ ಅಪ್ಪಂದಿರು ಅಡಿಕೆ ತೋಟದ ಪಹಣಿ ಹಿಡಿದು ಬ್ಯಾಂಕಿಗೆ ಹೋಗಿ ಸಪ್ಪೆ ಮುಖ ಹಾಕಿಕೊಂಡು ಬರುತ್ತಾರೆ. ಸಾಲ ಕಟ್ಟದಿದ್ದರೆ ಬ್ಯಾಂಕು ಕೋರ್ಟಿಗೆ ಹೋಗದೆ ಅಡವಿನ ಆಸ್ತಿ ವಶಕ್ಕೆ ತಗೊಳ್ಳಲು ಸರ್ಫೇಸಿ ಕಾಯ್ದೆ ಇದೆ, ಅದರಲ್ಲಿ ಕೃಷಿ ಜಮೀನು ಮುಟ್ಟುವ ಹಾಗಿಲ್ಲ, ಹಾಗಾಗಿ ಬ್ಯಾಂಕಿನವರು ಸಾಮಾನ್ಯವಾಗಿ ಅದನ್ನು ಒಪ್ಪಲ್ಲ. ತೋಟ ಕೋಟಿ ಬಾಳಿದರೂ ಅಷ್ಟೇ. ಖಾತೆ ಇರುವ ಮನೆಯೋ ಸೈಟೋ ಬೇಕು.

ಇನ್ನು ಎಪಿಎಸ್ ಸರ್ಟಿಫಿಕೇಟು, ಅಂದರೆ ಜರ್ಮನ್ ರಾಯಭಾರ ಕಚೇರಿಯ ಕಾಗದಪತ್ರ ಪರಿಶೀಲನಾ ವಿಭಾಗ ಕೊಡುವ ಪತ್ರ. 2022ರ ನವೆಂಬರ್‌ನಿಂದ ನಮ್ಮ ದೇಶದ ವಿದ್ಯಾರ್ಥಿಗಳಿಗೆ ಕಡ್ಡಾಯ, ಫೀ 18,000 ರೂಪಾಯಿ. ಅಂಕಪಟ್ಟಿಗಳು ಅಸಲಿಯಾ ಅಂತ ದೆಹಲಿಯಲ್ಲಿ ನೋಡುತ್ತಾರೆ. ವಾರಗಟ್ಟಲೆ ಹಿಡಿಯುತ್ತೆ, ಮೊದಲೇ ಶುರು ಮಾಡಿ.

ನಮ್ಮ ಕಡೆಯವರು ಜಾಸ್ತಿ ಒದ್ದಾಡೋದು ಮಾತ್ರ ಇನಿಶಿಯಲ್ಲಿಗೆ. ಒಬ್ಬ ಹುಡುಗಿದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದೇ ಇನಿಶಿಯಲ್. ವಿಟಿಯು ಅಂಕಪಟ್ಟಿಯಲ್ಲಿ ಎರಡು. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎರಡನ್ನೂ ಬಿಡಿಸಿ ಬರೆದಿದ್ದಾರೆ. ಅವಳ ಅಪ್ಪ ಮೂರನ್ನೂ ನನ್ನ ಮೇಜಿನ ಮೇಲೆ ಸಾಲಾಗಿ ಜೋಡಿಸಿ, "ಮೇಡಂ, ಮೂರೂ ಇವಳೇ ಅಲ್ವಾ" ಅಂದರು. ಇವಳೇ. ಆದರೆ ಅದನ್ನು ಅಲ್ಲಿ ಕೂತವರಿಗೆ ತಿಳಿಸೋಕೆ ನೋಟರಿ, ಅಫಿಡವಿಟ್ ಅಂತ ಮೂರು ವಾರ ಓಡಾಡಿದೆವು. ಯಾವ ಕನ್ಸಲ್ಟೆನ್ಸಿಗೆ ದುಡ್ಡು ಕಟ್ಟಿದ್ದರೂ ಆ ಓಡಾಟ ಅಪ್ಪ-ಮಗಳೇ ಮಾಡಬೇಕಿತ್ತು.

ನಿಮ್ಮ ತಂಗಿದು ಪಾಸ್‌ಪೋರ್ಟ್ ಆಗಿದೆಯಾ? ಆಗಿಲ್ಲ ಅಂದ್ರೆ ಒಳ್ಳೇದೇ ಆಯ್ತು. ಅರ್ಜಿ ತುಂಬುವಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಪಕ್ಕದಲ್ಲಿ ಇಟ್ಟುಕೊಳ್ಳೋಕೆ ಹೇಳಿ.